ಗುಜರಿಗೆ ಹೋಗುವ ಮುನ್ನ ಒಂದು ಪಟ್ಟಿ ಮಾಡಿ: ಭದ್ರಾವತಿಯ ಹಳೆಯ ಕಬ್ಬಿಣ ಕಾರ್ಖಾನೆ ಮತ್ತು ಅದರ ಟ್ರಾಂ ದಾರಿಯ ಪರವಾಗಿ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ,
ಕರ್ನಾಟಕ ಸರ್ಕಾರ, ಮೈಸೂರು.

ವಿಷಯ: ಮೈಸೂರು ಕಬ್ಬಿಣ ಕಾರ್ಖಾನೆಯ ಮೊದಲ ಕಾಲದ ಅವಶೇಷಗಳು, ಕೆಮ್ಮಣ್ಣುಗುಂಡಿಯ ಅದಿರು ಗಣಿ, ರೋಪ್‌ವೇ ಹಾಗೂ ಟ್ರಾಂ ದಾರಿಯನ್ನು ಸಂರಕ್ಷಿತ ಎಂದು ಘೋಷಿಸುವ ಕುರಿತು.

ಮಾನ್ಯರೇ,

ಭದ್ರಾವತಿಯಿಂದ ಪತ್ರ ಬಂದಿದೆ ಎಂದ ಕೂಡಲೇ ಕಾರ್ಖಾನೆ ಉಳಿಸಿ ಎಂಬ ಮತ್ತೊಂದು ಮನವಿ ಇರಬೇಕೆಂದು ತಮಗೆ ಅನ್ನಿಸಬಹುದು. ಆ ಮನವಿಯನ್ನು ನಮ್ಮ ಊರಿನವರು ದೆಹಲಿಗೂ ಬೆಂಗಳೂರಿಗೂ ವರ್ಷಗಳಿಂದ ಸಲ್ಲಿಸುತ್ತ ಬಂದಿದ್ದಾರೆ. ನಾನೂ ಅದಕ್ಕೆ ಸಹಿ ಹಾಕಿದವನು. ಕಾರ್ಖಾನೆಯ ಚಕ್ರ ಮತ್ತೆ ಪೂರ್ಣವಾಗಿ ತಿರುಗಬೇಕು, ಗುತ್ತಿಗೆ ಕಾರ್ಮಿಕರ ಮನೆಗಳಲ್ಲಿ ಒಲೆ ಉರಿಯಬೇಕು ಎಂಬ ಆಸೆ ಈ ಊರಿನ ಎಲ್ಲರಿಗಿರುವಂತೆ ನನಗೂ ಇದೆ. ಆದರೆ ಇಂದು ಬರೆಯುತ್ತಿರುವುದು ನೇರವಾಗಿ ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವ, ಇದುವರೆಗೆ ಯಾರ ಮೇಜಿನ ಮೇಲೂ ಬಾರದ ಒಂದು ವಿಷಯದ ಬಗ್ಗೆ. ಕಾರ್ಖಾನೆ ಮುಂದುವರಿಯಲಿ, ಮಾರಾಟವಾಗಲಿ, ಹೊಸ ಬಂಡವಾಳ ಬಂದು ಹೊಸ ಯಂತ್ರಗಳು ನಿಲ್ಲಲಿ, ಈ ಮೂರರಲ್ಲಿ ಯಾವುದು ನಡೆದರೂ ಹಳೆಯದನ್ನು ತೆರವು ಮಾಡುವ ಕೆಲಸ ನಡೆದೇ ನಡೆಯುತ್ತದೆ. ಆಗ ಯಾವುದು ಬರೀ ಗುಜರಿ, ಯಾವುದು ಈ ನಾಡಿನ ಚರಿತ್ರೆ ಎಂದು ಬೇರ್ಪಡಿಸಿ ಹೇಳುವ ಒಂದು ಕಾಗದವಾದರೂ ಇರಬೇಕು. ಅಂಥ ಕಾಗದವೊಂದು ಸಾರ್ವಜನಿಕರ ಮುಂದೆ ಬಂದದ್ದನ್ನು ನಾನು ಕಂಡಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ತಂದೆ ಇದೇ ಕಾರ್ಖಾನೆಯ ಫೌಂಡ್ರಿಯಲ್ಲಿ ದುಡಿದವರು. ಕಬ್ಬಿಣ ಹೇಗೆ ಹುಟ್ಟುತ್ತದೆ ಎಂಬ ಪಾಠವನ್ನು ಪಠ್ಯಪುಸ್ತಕದ ಚಿತ್ರ ತೋರಿಸಿ ಹೇಳಬೇಕಾಗಿ ಬಂದದ್ದು, ಅದೂ ಭದ್ರಾವತಿಯ ಶಾಲೆಯೊಂದರಲ್ಲಿ, ನನ್ನನ್ನು ಸೇವಾವಧಿಯುದ್ದಕ್ಕೂ ಕಾಡಿತು. ಮಕ್ಕಳ ಅಜ್ಜಂದಿರು ಯಾವ ಕುಲುಮೆಯ ಮುಂದೆ ಬೆವರು ಹರಿಸಿದರೋ ಅದರ ಕಥೆ ಆ ಮಕ್ಕಳಿಗೆ ತಿಳಿದಿರಲಿಲ್ಲ. ತಿಳಿಯುವಂತೆ ನಾವು ಏನನ್ನೂ ಇಟ್ಟಿರಲಿಲ್ಲ.

ಮೊದಲು ಈ ಕಾರ್ಖಾನೆ ಏನಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ತಮಗೆ ಗೊತ್ತಿಲ್ಲವೆಂದಲ್ಲ, ನನ್ನ ಕೋರಿಕೆಯ ತಿರುಳು ಆ ವಿವರದಲ್ಲೇ ಇದೆ.

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ರೂಪುಗೊಂಡ ಯೋಜನೆ ಇದು. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಉತ್ತಮ ಅದಿರು ಇದೆ ಎಂದು ಮೈಸೂರು ಭೂವಿಜ್ಞಾನ ಇಲಾಖೆ ಕಂಡುಕೊಂಡಿತ್ತು. ಆದರೆ ಅದಿರನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಮೈಸೂರು ಸಂಸ್ಥಾನದಲ್ಲಿ ಎಲ್ಲಿಯೂ ಇರಲಿಲ್ಲ. ಬಂಗಾಳ, ಬಿಹಾರಗಳಿಂದ ರೈಲಿನಲ್ಲಿ ತರಿಸಿದರೆ ಕಬ್ಬಿಣದ ಬೆಲೆಗಿಂತ ಕಲ್ಲಿದ್ದಲಿನ ಸಾಗಣೆಯೇ ಭಾರವಾಗುತ್ತಿತ್ತು. ಮೈಸೂರಿನಲ್ಲಿ ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಕಲ್ಲಿದ್ದಲಿನ ಬದಲು ಮರದ ಇದ್ದಿಲಿನಿಂದ ಊದುಕುಲುಮೆ (ಗಾಳಿ ಊದಿ ಅದಿರು ಕರಗಿಸುವ ದೊಡ್ಡ ಕುಲುಮೆ) ನಡೆಸುವ ತೀರ್ಮಾನವಾಯಿತು. ಅಮೆರಿಕದ ತಜ್ಞ ಸಿ. ಪಿ. ಪೆರಿನ್ ಅವರ ಸಲಹೆ ಪಡೆಯಲಾಯಿತು. ಬೀರೂರು–ಶಿವಮೊಗ್ಗ ರೈಲು ದಾರಿ 1899ರಲ್ಲೇ ಬಂದಿತ್ತು. ಭದ್ರಾ ನದಿಯ ನೀರು ಪಕ್ಕದಲ್ಲೇ ಇತ್ತು. ಆಗ ಬೆಂಕಿಪುರ ಎಂದು ಕರೆಯುತ್ತಿದ್ದ ಹಳ್ಳಿಯ, ಅಂದರೆ ಈಗಿನ ಭದ್ರಾವತಿಯ, ಬಳಿ ಕಾರ್ಖಾನೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರ ಜನವರಿ 18ರಂದು, ಮೈಸೂರು ಕಬ್ಬಿಣ ಕಾರ್ಖಾನೆ ಕೆಲಸ ಆರಂಭಿಸಿತು.

ಊದುಕುಲುಮೆ ಎಂದರೆ ಗೋಡೆಯೊಳಗಿನ ಒಂದು ಯಂತ್ರ ಮಾತ್ರ ಎಂದು ಇಂದಿನವರು ಭಾವಿಸುತ್ತಾರೆ. ಭದ್ರಾವತಿಯದು ಹಾಗಿರಲಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ ಬೆಟ್ಟದಲ್ಲಿ, ಅದಿರನ್ನು ಅಗೆಯುತ್ತಿದ್ದರು. ಅಲ್ಲಿಂದ ಅದು ತಂತಿಗೆ ತೂಗುಬಿಟ್ಟ ತೊಟ್ಟಿಗಳಲ್ಲಿ ರೋಪ್‌ವೇ ಮೂಲಕ ಕೆಳಗಿನ ತಣಿಗೆಬೈಲಿಗೆ ಇಳಿಯುತ್ತಿತ್ತು. ತಣಿಗೆಬೈಲಿನಿಂದ ಕಾರ್ಖಾನೆಗೆ ಸಣ್ಣ ಅಳತೆಯ ಹಳಿಯ ಮೇಲೆ ಟ್ರಾಂ ಓಡುತ್ತಿತ್ತು. ಕಾಡಿನ ಕೂಪುಗಳಿಂದ (ಮರ ಕಡಿಯಲು ಗುರುತಿಸಿದ ಭಾಗಗಳಿಂದ) ಕಟ್ಟಿಗೆ ತರಲು ಬೇರೆ ಹಳಿಗಳು. ಸುಣ್ಣದಕಲ್ಲು ಭಂಡಿಗುಡ್ಡದಿಂದ. ಹೀಗೆ ಬೆಟ್ಟ, ತಂತಿ, ಹಳಿ, ಕಾಡು, ಕಲ್ಲುಗಣಿ, ನದಿ ಎಲ್ಲವೂ ಸೇರಿ ಒಂದೇ ಕಾರ್ಖಾನೆ. ಅದರ ತುದಿಯಲ್ಲಿ ಕುಲುಮೆ ಇತ್ತು, ಅಷ್ಟೆ.

ಕುಲುಮೆಯ ಜೊತೆಯಲ್ಲೇ ಕಟ್ಟಿಗೆಯನ್ನು ಬಟ್ಟಿ ಇಳಿಸುವ ಘಟಕವಿತ್ತು. ನನ್ನ ಪಾಲಿಗೆ ಇಡೀ ಕಾರ್ಖಾನೆಯ ಅತ್ಯಂತ ಬುದ್ಧಿವಂತ ಭಾಗ ಅದು. ನಮ್ಮ ಹಳ್ಳಿಗಳಲ್ಲಿ ಇದ್ದಿಲು ಸುಡುವವರು ಸೌದೆ ಪೇರಿಸಿ ಮಣ್ಣು ಮುಚ್ಚಿ ಬೆಂಕಿ ಇಡುತ್ತಾರೆ. ಹೊಗೆ ಆಕಾಶಕ್ಕೆ ಹೋಗುತ್ತದೆ. ಭದ್ರಾವತಿಯಲ್ಲಿ ಆ ಹೊಗೆಯನ್ನು ಬಿಡಲಿಲ್ಲ. ಗಾಳಿಯಾಡದ ಒಲೆಗಳಲ್ಲಿ ಕಟ್ಟಿಗೆಯನ್ನು ಕಾಯಿಸಿ, ಏಳುವ ಆವಿಯನ್ನು ತಂಪು ಮಾಡಿ ದ್ರವವಾಗಿಸಿ, ಅದರಿಂದ ಮೀಥೈಲ್ ಆಲ್ಕೋಹಾಲ್, ಕ್ಯಾಲ್ಸಿಯಂ ಅಸಿಟೇಟ್, ಟಾರು ತೆಗೆದರು. ಉಳಿದ ಇದ್ದಿಲು ಕುಲುಮೆಗೆ ಹೋಯಿತು. ಪೂರ್ವ ದೇಶಗಳಲ್ಲೇ ಅಷ್ಟು ದೊಡ್ಡ ಕಟ್ಟಿಗೆ ಬಟ್ಟಿ ಘಟಕಗಳು ಅಪರೂಪ. ಮರದ ಇದ್ದಿಲಿನಲ್ಲಿ ಗಂಧಕದ ಅಂಶ ಕಡಿಮೆ. ಹಾಗಾಗಿ ಅದರಿಂದ ಬಂದ ಬೀಡುಕಬ್ಬಿಣವೂ (ಕುಲುಮೆಯಿಂದ ಮೊದಲು ಇಳಿಯುವ ಕಬ್ಬಿಣ) ಶುದ್ಧವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ, ಕಲ್ಲಿದ್ದಲಿನ ಯುಗದ ನಡುವೆ, ಕಾಡನ್ನೇ ಇಂಧನವಾಗಿಸಿಕೊಂಡು ಕಬ್ಬಿಣ ಕರಗಿಸಿದ ಈ ಪ್ರಯೋಗ ಭಾರತದ ಕೈಗಾರಿಕಾ ಚರಿತ್ರೆಯಲ್ಲಿ ಬಹಳ ವಿಶಿಷ್ಟವಾದದ್ದು.

ಆರಂಭದ ವರ್ಷಗಳು ಕಷ್ಟದವು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ಹಣವನ್ನು ಕಾಡಿನಲ್ಲಿ ಸುರಿದರು ಎಂದು ಟೀಕಿಸಿದವರು ಬಹಳ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಮರಳಿ ಬಂದು, ಖರ್ಚು ಇಳಿಸಿ, ಹೊರಗಿನ ತಜ್ಞರ ಜಾಗದಲ್ಲಿ ನಮ್ಮವರನ್ನು ತಯಾರು ಮಾಡಿ, 1929ರ ಹೊತ್ತಿಗೆ ಅದನ್ನು ಕಾಲ ಮೇಲೆ ನಿಲ್ಲಿಸಿದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಯುವಕರ ವೃತ್ತಿ ಶಿಕ್ಷಣಕ್ಕೆ ಬಿಟ್ಟುಕೊಟ್ಟರು; ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಹಾಗೆ. ಮುಂದಿನದು ತಮಗೆ ಗೊತ್ತಿರುವ ಕಥೆ: 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟು, 1950ರ ದಶಕದ ಆರಂಭದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು, 1962ರಲ್ಲಿ ಕಂಪನಿ, 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು, 1989ರಲ್ಲಿ ಕೇಂದ್ರದ ಉದ್ಯಮವಾದ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ತೆಕ್ಕೆ, 1998ರಲ್ಲಿ ಅದರಲ್ಲಿ ವಿಲೀನ.

ಕಾರ್ಖಾನೆಗೆ 100 ವರ್ಷ ತುಂಬಿದ್ದು 2023ರ ಜನವರಿಯಲ್ಲಿ. ಅದನ್ನು ಮುಚ್ಚುವ ತೀರ್ಮಾನವನ್ನು ಪ್ರಾಧಿಕಾರದ ಮಂಡಳಿ ಕೈಗೊಂಡದ್ದೂ ಅದೇ ತಿಂಗಳಲ್ಲಿ. ಗೇಟಿನ ಮುಂದೆ ಗುತ್ತಿಗೆ ಕಾರ್ಮಿಕರು ಮತ್ತು ಅವರ ಮನೆಯವರು ತಿಂಗಳುಗಟ್ಟಲೆ ಕುಳಿತರು. ಊರು ಬಂದ್ ಆಯಿತು. ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಚಾಲನೆಗೊಂಡವು; ಪುನಶ್ಚೇತನದ ಮಾತು ಅಂದಿನಿಂದ ನಡೆಯುತ್ತಲೇ ಇದೆ. ಶತಮಾನೋತ್ಸವದ ವರ್ಷ ಹೀಗೆ ಕಳೆಯಿತು. ಆ ಗದ್ದಲದಲ್ಲಿ ಹಳೆಯ ಕುಲುಮೆಯ ಅಡಿಪಾಯ ಎಲ್ಲಿದೆ, ಬಟ್ಟಿ ಘಟಕದ ಕಟ್ಟಡಗಳಲ್ಲಿ ಏನು ಉಳಿದಿದೆ, ಮೊದಲ ಕಾಲದ ನಕ್ಷೆಗಳು ಯಾವ ಕಪಾಟಿನಲ್ಲಿವೆ ಎಂದು ಕೇಳುವ ಮನಸ್ಥಿತಿ ಯಾರಿಗೂ ಇರಲಿಲ್ಲ. ಅದನ್ನು ನಾನು ತಪ್ಪು ಎನ್ನುವುದಿಲ್ಲ. ಕೂಲಿ ನಿಂತವನ ಬಳಿ ಹೋಗಿ ಪರಂಪರೆಯ ಮಾತಾಡುವುದು ಕ್ರೌರ್ಯ. ಆದರೆ ಕೇಳುವುದೇ ಕರ್ತವ್ಯವಾಗಿರುವ ಇಲಾಖೆಯೊಂದು ಈ ರಾಜ್ಯದಲ್ಲಿದೆ. ಅದು ತಮ್ಮದು.

ನಾನು ಕಂಡದ್ದನ್ನು ಹೇಳುತ್ತೇನೆ. ನಿವೃತ್ತನಾದ ಮೇಲೆ ಟ್ರಾಂ ದಾರಿ ಹಿಡಿದು, ಅರಣ್ಯದ ಹೊರಗೆ ಜನರಿಗೆ ನಡೆಯಲು ಅವಕಾಶವಿರುವ ಕಡೆಗಳಲ್ಲೆಲ್ಲ ನಡೆದಿದ್ದೇನೆ. ಹಳಿ ಎಂದೋ ಎದ್ದುಹೋಗಿದೆ. ಹಳಿ ಹಾಕಲು ಎತ್ತರಿಸಿದ ಮಣ್ಣಿನ ಏರಿ ಅಲ್ಲಲ್ಲಿ ಉಳಿದಿದೆ. ಗೊತ್ತಿಲ್ಲದವರಿಗೆ ಅದು ಹಳೆಯ ಕೆರೆ ಏರಿಯಂತೆ ಕಾಣುತ್ತದೆ. ಹಳ್ಳ ದಾಟುವಲ್ಲಿ ಕಲ್ಲಿನ ಮೋರಿಗಳಿವೆ. ಅವುಗಳ ಕೆಲಸದ ಅಚ್ಚುಕಟ್ಟು ಇಂದಿನ ಯಾವ ರಸ್ತೆ ಮೋರಿಯಲ್ಲೂ ನನಗೆ ಕಂಡಿಲ್ಲ. ಒಂದು ಮೋರಿಯ ಅಂಚುಕಲ್ಲುಗಳನ್ನು ಕಿತ್ತು ತೋಟದ ಕಾಂಪೌಂಡಿಗೆ ಬಳಸಿದ್ದಾರೆ. ಇನ್ನೊಂದು ಕಡೆ ಏರಿಯನ್ನೇ ಜೆಸಿಬಿಯಿಂದ ಸಮಮಾಡಿ ಅಡಿಕೆ ಹಾಕಿದ್ದಾರೆ. ಹಳಿಯ ತುಂಡುಗಳು ಬೇಲಿಗೂಟವಾಗಿ, ದನದ ಕೊಟ್ಟಿಗೆಯ ತೊಲೆಯಾಗಿ ನಿಂತಿವೆ. ಹೀಗೆ ಮಾಡಿದ ರೈತರನ್ನು ದೂರಲು ನನಗೆ ಮನಸ್ಸಿಲ್ಲ. ಇದು ಏನು, ಇದನ್ನು ಮುಟ್ಟಬಾರದು ಎಂದು ಅವರಿಗೆ ಯಾರೂ ಹೇಳಲಿಲ್ಲ. ಒಂದು ಫಲಕವೂ ಇಲ್ಲ. ಕೆಮ್ಮಣ್ಣುಗುಂಡಿಗೆ ಪ್ರತಿ ವಾರಾಂತ್ಯ ಸಾವಿರಾರು ಜನ ಬರುತ್ತಾರೆ, ಹೂದೋಟ ನೋಡುತ್ತಾರೆ, ಮಂಜು ನೋಡುತ್ತಾರೆ, ಸೂರ್ಯಾಸ್ತದ ಫೋಟೊ ತೆಗೆದುಕೊಳ್ಳುತ್ತಾರೆ. ಕಾಲಡಿಯ ಆ ಕೆಂಪು ಮಣ್ಣು ಒಂದು ಸಂಸ್ಥಾನದ ಕಬ್ಬಿಣವಾಯಿತು ಎಂಬ ಮಾತನ್ನು ಅವರಲ್ಲಿ ಎಷ್ಟು ಜನ ಕೇಳಿಸಿಕೊಂಡು ಹಿಂತಿರುಗುತ್ತಾರೆ?

ಟ್ರಾಂ ದಾರಿಯ ಹಳೆಯ ನಕ್ಷೆಗಾಗಿ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಅವರು ಇನ್ನೊಂದು ಕಚೇರಿಯತ್ತ ಕೈ ತೋರಿದರು. ಅಲ್ಲಿಯ ಗುಮಾಸ್ತರು ಸಜ್ಜನರು. ಹುಡುಕಿ ನೋಡಿ, ಆ ಕಡತಗಳನ್ನು ಹಿಂದೊಮ್ಮೆ ಹಳೆಯ ಕಾಗದಗಳೊಂದಿಗೆ ವಿಲೇವಾರಿ ಮಾಡಿರಬಹುದು ಎಂದರು. ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಒಬ್ಬ ಗುಮಾಸ್ತನ ಮೇಲೆ ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ತಾವು ಯೋಚಿಸಿ: ಸಾವಿರ ವರ್ಷದ ಹಿಂದಿನ ದಾನಶಾಸನವೊಂದು ಹೊಲದಲ್ಲಿ ಸಿಕ್ಕರೆ ಅದರ ಅಚ್ಚು ತೆಗೆದು ಓದುವ ವಿದ್ವಾಂಸರು ನಮ್ಮಲ್ಲಿದ್ದಾರೆ. ನೂರು ವರ್ಷದ ಹಿಂದಿನ ರೈಲು ದಾರಿಯ ನಕ್ಷೆಗೆ ವಾರಸುದಾರರಿಲ್ಲ.

ತಮ್ಮ ಇಲಾಖೆಗೆ ಕಬ್ಬಿಣ ಹೊಸ ವಿಷಯವೇನಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಉತ್ಖನನ ನಡೆಸಿ, ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಸುಮಾರು 3,000 ವರ್ಷ ಹಳೆಯದು ಎಂಬ ಚರ್ಚೆಗೆ ದಾರಿ ಮಾಡಿದವರು ಡಾ. ಎಂ. ಎಸ್. ನಾಗರಾಜರಾವ್. ಅವರು ತಮ್ಮ ಇಲಾಖೆಯ ಮುಖ್ಯಸ್ಥರಾಗಿದ್ದರು, ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರೂ ಆದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಹಳ್ಳಿಗಳ ಕುಲುಮೆಗಳನ್ನು, ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟ. ಅವೂ ಮರದ ಇದ್ದಿಲಿನ ಕುಲುಮೆಗಳೇ. ಭದ್ರಾವತಿಯ ಕುಲುಮೆ ಆ ದೀರ್ಘ ಪರಂಪರೆಯ ಕೊನೆಯ, ಎಲ್ಲಕ್ಕಿಂತ ದೊಡ್ಡ ಕೊಂಡಿ. ಹಳ್ಳೂರು ಇರುವುದು ತುಂಗಭದ್ರೆಯ ದಂಡೆಯಲ್ಲಿ. ಭದ್ರಾವತಿಯ ಕಾರ್ಖಾನೆಯನ್ನು ದಾಟಿದ ನೀರೇ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹಳ್ಳೂರಿನ ಮುಂದೆ ಹರಿಯುತ್ತದೆ. ಒಂದೇ ನದಿಯ ಕೆಳದಂಡೆಯ ತುಕ್ಕು ಹಿಡಿದ ಬಾಣದ ಮೊನೆಗೆ ಸಿಕ್ಕ ಗೌರವದಲ್ಲಿ ಸ್ವಲ್ಪವಾದರೂ ಮೇಲಿನ ದಂಡೆಯ ಕುಲುಮೆಗೆ ಸಲ್ಲಬೇಕು.

ಭದ್ರಾವತಿಯ ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದನ್ನು ಕಾಪಾಡಬೇಕು ಎಂದು ಯಾರೂ ವಾದ ಮಾಡಬೇಕಾಗಿಲ್ಲ. ಕಲ್ಲು ಕೆತ್ತಿದ ಕೈಗಳಿಗೆ ಇರುವ ಮನ್ನಣೆ ಕಬ್ಬಿಣ ಕರಗಿಸಿದ ಕೈಗಳಿಗೆ ಏಕಿಲ್ಲ ಎಂಬುದು ನನ್ನ ಪ್ರಶ್ನೆ. ದೇವಾಲಯ, ಕೋಟೆ, ಅರಮನೆ ಇವಷ್ಟೇ ಸ್ಮಾರಕ ಎಂಬ ಭಾವನೆಯಿಂದ ನಾವು ಹೊರಬರದಿದ್ದರೆ ದುಡಿದವರ ಚರಿತ್ರೆಗೆ ಈ ನಾಡಿನಲ್ಲಿ ಒಂದು ಗೋಡೆಯೂ ಉಳಿಯುವುದಿಲ್ಲ.

ಕಾನೂನಿನ ಮಾತು. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಾಚೀನ ಸ್ಮಾರಕವೆಂದರೆ ಕನಿಷ್ಠ 100 ವರ್ಷಗಳಿಂದ ಅಸ್ತಿತ್ವದಲ್ಲಿರುವ ರಚನೆ ಎನ್ನುತ್ತದೆ. ಮೊನ್ನೆ ಮೊನ್ನೆಯವರೆಗೆ ಭದ್ರಾವತಿ ಆ ಗಡಿಯ ಆಚೆ ಇತ್ತು. ಆದ್ದರಿಂದ ಯಾರೂ ಏನೂ ಮಾಡಲಿಲ್ಲ ಎಂಬ ಸಮಾಧಾನ ಇರಬಹುದು. 2023ಕ್ಕೆ ಆ ಕಾರಣವೂ ಹೋಯಿತು. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾಗದ ಸ್ಮಾರಕಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. 1961ರ ರಾಜ್ಯ ಕಾಯ್ದೆ ಸಂರಕ್ಷಿತ ಸ್ಮಾರಕ ಘೋಷಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಜಮೀನು ಕೇಂದ್ರದ ಉದ್ಯಮದ ಕೈಯಲ್ಲಿದೆ, ಕಾಡು ಅರಣ್ಯ ಇಲಾಖೆಯದು, ಕೆಮ್ಮಣ್ಣುಗುಂಡಿಯ ತೋಟ ತೋಟಗಾರಿಕೆಯದು ಎಂಬ ತೊಡಕು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲರೂ ಸರ್ಕಾರದ ಅಂಗಗಳೇ. ಪತ್ರ ಬರೆದು ಕರೆದು ಕೂರಿಸುವ ಒಬ್ಬರು ಬೇಕು. ಆ ಒಬ್ಬರು ತಾವಾಗಬೇಕು ಎಂಬುದೇ ಈ ಪತ್ರದ ಒತ್ತಾಯ.

ನಷ್ಟದಲ್ಲಿರುವ ಕಾರ್ಖಾನೆಯ ಹಳೆಯ ಇಟ್ಟಿಗೆ ಕಾಪಾಡಿ ಏನು ಪ್ರಯೋಜನ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚಿಲ್ಲಗೋ ಎಂಬ ಪುಟ್ಟ ಊರನ್ನು ತೋರಿಸಲು ಬಯಸುತ್ತೇನೆ. ಕೇರ್ನ್ಸ್ ನಗರದಿಂದ ಪಶ್ಚಿಮಕ್ಕೆ 200 ಕಿಲೋಮೀಟರಿಗೂ ಹೆಚ್ಚು ದೂರದ ಒಣ ಬಯಲು ಅದು. ಅಲ್ಲಿ ತಾಮ್ರ, ಸೀಸ ಕರಗಿಸುವ ಕುಲುಮೆಗಳು 1901ರಲ್ಲಿ ಆರಂಭವಾದವು. ಅದಕ್ಕೆಂದೇ ಮರೀಬಾ ಎಂಬ ಊರಿನಿಂದ ಖಾಸಗಿ ಕಂಪನಿಯೊಂದು ರೈಲು ದಾರಿ ಹಾಕಿತು. ಅದಿರು ನಿರೀಕ್ಷಿಸಿದಷ್ಟು ಸಿಗಲಿಲ್ಲ. ಹಣ ಹೂಡಿದವರು ಕೈ ಸುಟ್ಟುಕೊಂಡರು. 1914ರಲ್ಲಿ ಕುಲುಮೆಗಳು ನಿಂತವು. 1919ರಲ್ಲಿ ರೈಲನ್ನೂ ಕುಲುಮೆಗಳನ್ನೂ ರಾಜ್ಯ ಸರ್ಕಾರವೇ ಕೊಂಡು ನಡೆಸಿತು. ಆ ವ್ಯವಹಾರದ ಒಂದು ಭಾಗ ದೊಡ್ಡ ಹಗರಣವಾಗಿ ತನಿಖಾ ಆಯೋಗದವರೆಗೆ ಹೋಯಿತು. 1943ರಲ್ಲಿ ಕುಲುಮೆಗಳು ಶಾಶ್ವತವಾಗಿ ಮುಚ್ಚಿದವು. ಅಷ್ಟರೊಳಗೆ ಸುಮಾರು 12.5 ಲಕ್ಷ ಟನ್ ಅದಿರು ಕರಗಿ, 60,000 ಟನ್ ತಾಮ್ರ, 50,000 ಟನ್ ಸೀಸ, 181 ಟನ್ ಬೆಳ್ಳಿ, 5 ಟನ್ ಚಿನ್ನ ಬಂದಿತ್ತು.

ಹಗರಣದ ನೆನಪಿದೆ, ನಷ್ಟದ ಲೆಕ್ಕವಿದೆ ಎಂದು ಆ ಸರ್ಕಾರ ಅದನ್ನು ಗುಜರಿಗೆ ಹಾಕಿ ಕೈತೊಳೆದುಕೊಳ್ಳಲಿಲ್ಲ. ಇಂದು ಆ ಕುಲುಮೆಗಳ ಅವಶೇಷ ರಾಜ್ಯದ ಪರಂಪರೆ ಪಟ್ಟಿಯಲ್ಲಿದೆ. ಉದ್ಯಾನವನಗಳ ಇಲಾಖೆ ನೋಡಿಕೊಳ್ಳುತ್ತದೆ. ಮೂರು ಚಿಮಣಿಗಳು ನಿಂತಿವೆ. ಅದಿರು ಕರಗಿಸಿ ಉಳಿದ ಕಪ್ಪು ಕಿಟ್ಟದ ರಾಶಿ ಹಾಗೆಯೇ ಇದೆ. ಲೋಹದ ವಿಷ, ಕುಸಿಯುವ ಗೋಡೆಗಳ ಅಪಾಯ ಇರುವುದರಿಂದ ಜನರನ್ನು ಅವಶೇಷಗಳ ಒಳಗೆ ಬಿಡುವುದಿಲ್ಲ. ಹೊರಗಿನ ಕಾಲುದಾರಿಯಿಂದ ನೋಡಬಹುದು, ಫಲಕಗಳನ್ನು ಓದಬಹುದು. ಅದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ, ಲೇಸರ್ ಪ್ರದರ್ಶನ ಬೇಕಾಗಲಿಲ್ಲ. ಅಲ್ಲಿಯದು ಸುಮಾರು 40 ವರ್ಷದ ಬಾಳು, ಅದರಲ್ಲೂ ನಡುವೆ ನಿಂತುಹೋಗಿತ್ತು. ನಮ್ಮದು ನೂರು ದಾಟಿದ ಬಾಳು. ಜರ್ಮನಿಯ ಫೋಲ್ಕ್‌ಲಿಂಗೆನ್ ಕಬ್ಬಿಣ ಕಾರ್ಖಾನೆ 1986ರಲ್ಲಿ ನಿಂತು, 1994ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಡಾರ್ಜಿಲಿಂಗ್‌ನ 2 ಅಡಿ ಹಳಿಯ ರೈಲಿಗೆ 1999ರಲ್ಲಿ ಆ ಗೌರವ ಸಿಕ್ಕಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಲೈಟ್ ರೈಲ್ವೆಯೂ ಅದೇ 2 ಅಡಿ ಅಳತೆಯದು. ನಾನು ಯುನೆಸ್ಕೊ ಕೇಳುತ್ತಿಲ್ಲ. ಒಂದು ಪಟ್ಟಿ, ಒಂದು ಅಧಿಸೂಚನೆ ಕೇಳುತ್ತಿದ್ದೇನೆ.

ಇನ್ನು ಕೋರಿಕೆಗಳು. ಮೊದಲನೆಯದು, ಎಲ್ಲಕ್ಕಿಂತ ತುರ್ತಿನದು: ಕಾರ್ಖಾನೆಯ ಆವರಣದಲ್ಲಿ 1923ರಿಂದ 1950ರ ದಶಕದವರೆಗಿನ ಕಟ್ಟಡ, ಅಡಿಪಾಯ, ಚಿಮಣಿ, ಯಂತ್ರ, ಬೋಗಿ, ಹಳಿ, ನಾಮಫಲಕ ಏನೇನು ಉಳಿದಿವೆಯೋ ಅವುಗಳ ಪಟ್ಟಿಯನ್ನು ತಮ್ಮ ಇಲಾಖೆ ಮತ್ತು ಕಾರ್ಖಾನೆಯ ಆಡಳಿತ ಜಂಟಿಯಾಗಿ ತಯಾರಿಸಬೇಕು. ಆ ಪಟ್ಟಿ ಸಾರ್ವಜನಿಕರ ಮುಂದೆ ಬರುವವರೆಗೆ ಆ ಕಾಲದ ಯಾವ ವಸ್ತುವನ್ನೂ ಗುಜರಿ ಹರಾಜಿಗೆ ಇಡಬಾರದು. ಹರಾಜಿನಲ್ಲಿ ಹಳೆಯ ಕಬ್ಬಿಣದ ಬೆಲೆ ಟನ್ ಲೆಕ್ಕದಲ್ಲಿ ಬರುತ್ತದೆ. ಒಂದು ಪುಟ್ಟ ಟ್ರಾಂ ಬೋಗಿಗೆ ಬರುವ ದುಡ್ಡು ಆ ಕಂಪನಿಯ ಲೆಕ್ಕಪತ್ರದಲ್ಲಿ ಕಣ್ಣಿಗೂ ಕಾಣುವುದಿಲ್ಲ. ಕಳೆದುಹೋದರೆ ನಮಗೆ ಇನ್ನೊಂದು ಸಿಗುವುದಿಲ್ಲ.

ಕಾಗದಗಳ ವಿಷಯವೂ ಅಷ್ಟೇ ತುರ್ತಿನದು. ನಕ್ಷೆ, ಸಂಬಳದ ರಿಜಿಸ್ಟರು, ಆಡಳಿತ ಮಂಡಳಿಯ ನಡಾವಳಿ, ಫೋಟೊ, ಕೂಪಿನ ಲೆಕ್ಕ, ಆಸ್ಪತ್ರೆಯ ದಾಖಲೆ ಎಲ್ಲವನ್ನೂ ರಾಜ್ಯ ಪತ್ರಾಗಾರ ಇಲಾಖೆಗೆ ಹಸ್ತಾಂತರಿಸುವಂತೆ, ಕಡೇಪಕ್ಷ ಡಿಜಿಟಲ್ ಪ್ರತಿಯನ್ನಾದರೂ ಕೊಡುವಂತೆ ಸರ್ಕಾರ ಪ್ರಾಧಿಕಾರವನ್ನು ಕೇಳಬೇಕು. ಸಂಬಳದ ರಿಜಿಸ್ಟರು ಎಂದು ನಾನು ಬೇಕೆಂದೇ ಬರೆದೆ. ವಿಶ್ವೇಶ್ವರಯ್ಯನವರ ಹೆಸರು ಹೇಗೂ ಉಳಿಯುತ್ತದೆ. ಅದಿರು ಅಗೆದವರು, ಮಲೇರಿಯಾ ಹರಡಿದ್ದ ಕಾಡಿನಲ್ಲಿ ಮರ ಕಡಿದವರು, ಕುಲುಮೆಗೆ ಇದ್ದಿಲು ಸುರಿದವರು, ದೂರದ ಊರುಗಳಿಂದ ಬಂದ ತಮಿಳು, ತೆಲುಗು, ಉರ್ದು ಮಾತಿನ ಕುಟುಂಬಗಳು, ಅವರ ಹೆಸರು ಇರುವುದು ಆ ರಿಜಿಸ್ಟರುಗಳಲ್ಲಿ ಮಾತ್ರ. ಇವತ್ತಿಗೂ ನ್ಯೂಟೌನ್‌ನಲ್ಲಿ, ಜನ್ನಾಪುರದಲ್ಲಿ ತೊಂಬತ್ತರ ಆಸುಪಾಸಿನ ಹಿರಿಯ ಕಾರ್ಮಿಕರಿದ್ದಾರೆ. ಅವರ ಮಾತನ್ನು ಧ್ವನಿಮುದ್ರಿಸುವ ಕೆಲಸವನ್ನು ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳಿಗೆ ವಹಿಸಬಹುದು; ಶಂಕರಘಟ್ಟ ನಮ್ಮ ಊರಿಗೆ ಹತ್ತಿರದಲ್ಲೇ ಇದೆ. ಇದಕ್ಕೆ ಕಾಯುವ ಸಮಯ ಇಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಣಿ, ರೋಪ್‌ವೇ ಜಾಗ, ಟ್ರಾಂ ಏರಿ ಮತ್ತು ಮೋರಿಗಳನ್ನು ಕಾರ್ಖಾನೆಯ ಜೊತೆ ಸೇರಿಸಿ ಒಂದೇ ಸಂರಕ್ಷಿತ ತಾಣವಾಗಿ ಪರಿಗಣಿಸಬೇಕು. ಬರೀ ಒಂದು ಚಿಮಣಿಗೆ ಬೇಲಿ ಹಾಕಿ ಬಿಟ್ಟರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ತಣಿಗೆಬೈಲು ಈಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ವಲಯಗಳಲ್ಲಿ ಒಂದು. ಅಲ್ಲಿ ರಸ್ತೆ ಅಗಲ ಮಾಡಿ, ಟಿಕೆಟ್ ಕೌಂಟರ್ ಕಟ್ಟಿ, ಜಿಪ್ ಲೈನ್ ಹಾಕುವ ಯೋಜನೆಗೆ ಈ ಪತ್ರವನ್ನು ದಯವಿಟ್ಟು ಯಾರೂ ಆಧಾರ ಮಾಡಿಕೊಳ್ಳಬಾರದು. ಕಾಡಿನೊಳಗಿನ ಭಾಗಕ್ಕೆ ಬೇಕಾದದ್ದು ಅಳತೆ, ಫೋಟೊ, ನಕ್ಷೆಯಲ್ಲಿ ಗುರುತು, ಅರಣ್ಯ ಸಿಬ್ಬಂದಿಗೆ ಮಾಹಿತಿ, ಅಷ್ಟೇ. ಜನರಿಗೆ ತೋರಿಸಬೇಕಾದದ್ದನ್ನು ಭದ್ರಾವತಿಯಲ್ಲೂ ಕೆಮ್ಮಣ್ಣುಗುಂಡಿಯ ಈಗಿನ ತೋಟದ ಆವರಣದಲ್ಲೂ ತೋರಿಸಿದರೆ ಸಾಕು.

ತೋರಿಸುವಾಗ ಪೂರ್ತಿ ಸತ್ಯವನ್ನು ತೋರಿಸಬೇಕು ಎಂಬುದೂ ನನ್ನ ಕೋರಿಕೆ. ಆ ಕುಲುಮೆ ಉರಿದದ್ದು ಮಲೆನಾಡಿನ ಮರಗಳಿಂದ. ದಶಕಗಳ ಕಾಲ ಕೂಪು ಕೂಪಾಗಿ ಕಾಡು ಕಡಿದು ಹಳಿಯ ಮೇಲೆ ಸಾಗಿತು. ಬೆಟ್ಟದ ತಲೆಯನ್ನು ಅಗೆದರು. ಸಂಸ್ಥಾನದ ಪ್ರಗತಿಗೆ ಕಾಡು ತೆತ್ತ ಬೆಲೆ ಅದು. ಅದನ್ನು ಮುಚ್ಚಿಟ್ಟು ಬರೀ ಹೆಮ್ಮೆಯ ಫಲಕ ಹಾಕಿದರೆ ಮಕ್ಕಳಿಗೆ ಅರ್ಧ ಪಾಠ ಹೇಳಿದಂತೆ. ಅದೇ ಏರಿಯ ಮೇಲೆ ಈಗ ಮತ್ತೆ ಬೆಳೆದು ನಿಂತಿರುವ ಮರಗಳೂ ಆ ಚರಿತ್ರೆಯ ಭಾಗವೇ. ಏರಿ ಕಾಪಾಡುವ ಹೆಸರಿನಲ್ಲಿ ಒಂದು ಮರವನ್ನೂ ಕಡಿಯುವುದು ಬೇಡ.

ಮೊದಲ ಹೆಜ್ಜೆಗೆ ಹಣ ಬಹಳ ಬೇಕಿಲ್ಲ. ತಮ್ಮ ಇಲಾಖೆಯ ಒಬ್ಬ ಸಹಾಯಕ ನಿರ್ದೇಶಕರು, ಕಾರ್ಖಾನೆಯ ಒಬ್ಬ ಎಂಜಿನಿಯರ್, ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ, ಒಬ್ಬ ಇತಿಹಾಸ ಪ್ರಾಧ್ಯಾಪಕರು ಒಟ್ಟಿಗೆ ಕುಳಿತು ನಡೆದರೆ ಪಟ್ಟಿ ಆಗುತ್ತದೆ. ದಾರಿ ತೋರಿಸಲು ನಾನು ಬರುತ್ತೇನೆ. ನನ್ನಂತೆ ಈ ಏರಿಗಳನ್ನು ಬಲ್ಲ ನಿವೃತ್ತ ಕಾರ್ಮಿಕರು, ತರೀಕೆರೆ ಮತ್ತು ಲಿಂಗದಹಳ್ಳಿ ಕಡೆಯ ರೈತರು ಬರುತ್ತಾರೆ. ಗೌರವಧನ ಬೇಡ, ಕಾರ್ಖಾನೆಯ ಒಳಗೆ ಹೋಗಲು ಒಂದು ಪಾಸು ಕೊಡಿಸಿದರೆ ಸಾಕು.

ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೂ ಕೇಂದ್ರ ಉಕ್ಕು ಸಚಿವಾಲಯಕ್ಕೂ ಈ ಪತ್ರದ ಪ್ರತಿಯನ್ನು ಕಳುಹಿಸುತ್ತಿದ್ದೇನೆ. ಪಟ್ಟಿ ಮಾಡುವ ಕೆಲಸ ಯಾವಾಗ ಆರಂಭವಾಗುತ್ತದೆ, ಅಲ್ಲಿಯವರೆಗೆ ಹಳೆಯ ವಸ್ತುಗಳ ಹರಾಜಿಗೆ ತಡೆ ಕೋರಿ ತಾವು ಪತ್ರ ಬರೆಯುತ್ತೀರಾ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಭದ್ರಾವತಿ